ಎರಡನೇ ಸಾಲಿನ ಪೆನ್ನು

ಹಾರರ್ ಸಮಾವೇಶದ ನೋಂದಣಿ ಮೇಜಿನ ಹಿಂದೆ ಕೂತಿದ್ದ ಹುಡುಗಿ ಎರಡು ಡಬ್ಬಿಗಳನ್ನು ಮುಂದೆ ತಳ್ಳಿದಳು. ಒಂದರಲ್ಲಿ ಕಪ್ಪು ರಿಬ್ಬನ್, ಇನ್ನೊಂದರಲ್ಲಿ ಹಳದಿ. "ಲೇಖಕರಿಗೆ ಕಪ್ಪು, ಓದುಗರಿಗೆ ಹಳದಿ. ನಿಮಗೆ ಯಾವುದು?"

ನಾನು 11 ವರ್ಷದಿಂದ ದೆವ್ವದ ಕಥೆ ಬರೆಯುತ್ತಿದ್ದೇನೆ. ಬರೆದದ್ದು ಮೂವತ್ತರ ಹತ್ತಿರ, ಅಚ್ಚಾದದ್ದು ನಾಲ್ಕು. ಅದರಲ್ಲೂ ಒಂದು ಪತ್ರಿಕೆ ನನ್ನ ಕಥೆ ಹಾಕಿದ ಸಂಚಿಕೆಯ ನಂತರ ನಿಂತೇ ಹೋಯಿತು. ಈ ಲೆಕ್ಕವೆಲ್ಲ ತಲೆಯಲ್ಲಿ ಓಡಿ, ಕೈ ತಾನಾಗಿ ಹಳದಿ ಡಬ್ಬಿಗೆ ಹೋಯಿತು.

ಆಕೆ ರಿಬ್ಬನ್ ಅಂಟಿಸಿ ಬ್ಯಾಡ್ಜ್ ಕೊಟ್ಟಳು. ಕುತ್ತಿಗೆಗೆ ಹಾಕಿಕೊಂಡ ಕೂಡಲೇ ಅದು ತಿರುಗಿ ಬೆನ್ನು ತೋರಿಸಿತು. ಸರಿ ಮಾಡಿದೆ. ಮತ್ತೆ ತಿರುಗಿತು. ಒಳಗೆ ಹೋಗಿ ನೋಡಿದರೆ ಎಲ್ಲರದ್ದೂ ಅದೇ ಪಾಡು. ದಾರಕ್ಕೆ ಇದ್ದದ್ದು ಒಂದೇ ಕೊಕ್ಕೆ, ಗಾಳಿ ಬೀಸಿದರೂ ಸಾಕು. ಎರಡು ದಿನವೂ ನಾವೆಲ್ಲ ಒಬ್ಬರನ್ನೊಬ್ಬರು ಮಾತಾಡಿಸುವ ಮೊದಲು ಎದೆಯ ಕಡೆ ಕಣ್ಣು ಹಾಯಿಸಿ, ಖಾಲಿ ಬಿಳಿ ಕಾಗದ ಕಂಡು, ಪೆಚ್ಚಾಗಿ ನಕ್ಕೆವು.

ನಾನು ಯಾಕೆ ಹೋದೆ ಅಂತ ಹೇಳಬೇಕು. ಹಾಸ್ಯ ಬರೆಯುವವರಿಗೆ ಎಲ್ಲೋ ಒಂದು ಕಡೆ ನಗು ಕೇಳಿಸುತ್ತದೆ. ಅಡುಗೆ ಮಾಡಿದವರಿಗೆ ತಟ್ಟೆ ಖಾಲಿಯಾಗಿದ್ದು ಕಾಣಿಸುತ್ತದೆ. ಹೆದರಿಸುವವರಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ. ಓದುಗರು ರಾತ್ರಿ ಒಬ್ಬರೇ ಇದ್ದಾಗ ಓದಲಿ ಅಂತಲೇ ನಾವು ಬರೆಯುವುದು. ಅವರು ಹೆದರಿದರೆ ಅದನ್ನು ನೋಡೋಕೆ ಅಲ್ಲಿ ಯಾರೂ ಇರಬಾರದು. ಇದ್ದರೆ ಹೆದರಿಕೆಯೇ ಆಗುವುದಿಲ್ಲ. ಹಾಗಾಗಿ ನನ್ನ ಕಥೆಯಿಂದ ಹೆದರಿದ ಒಂದು ಮುಖವನ್ನೂ ನಾನು 11 ವರ್ಷದಲ್ಲಿ ನೋಡಿರಲಿಲ್ಲ. ಮನೆಯವರು ಓದಿ "ಚೆನ್ನಾಗಿದೆ" ಅನ್ನುತ್ತಾರೆ. ನೆಂಟರು "ಏನಾದ್ರೂ ಒಳ್ಳೇದು ಬರೀಬಾರದಾ?" ಅನ್ನುತ್ತಾರೆ. ಎರಡೂ ಹೆಚ್ಚುಕಡಿಮೆ ಒಂದೇ ಮಾತು.

ದೊಡ್ಡ ಸಮಾವೇಶಗಳ ಬಗ್ಗೆ ಓದಿದ್ದೆ. ಮೊದಲ ವಿಶ್ವ ಫ್ಯಾಂಟಸಿ ಸಮಾವೇಶ ಆಗಿದ್ದು 1975ರಲ್ಲಿ, ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ. ಅದು ಹಾರರ್ ಲೇಖಕ ಎಚ್.ಪಿ. ಲವ್‌ಕ್ರಾಫ್ಟ್ ಹುಟ್ಟಿದ ಊರು. ಬದುಕಿದ್ದಷ್ಟು ಕಾಲ ಹೆಚ್ಚಿನ ಗೆಳೆಯರನ್ನು ಬರೀ ಪತ್ರಗಳಲ್ಲೇ ಇಟ್ಟುಕೊಂಡಿದ್ದ ಮನುಷ್ಯನ ಊರಿನಲ್ಲಿ ಜನ ಗುಂಪು ಸೇರಿದ್ದು ಒಂಥರಾ ತಮಾಷೆಯೇ. 1980ರ ದಶಕದಲ್ಲಿ ಹಾರರ್ ಲೇಖಕರದ್ದೇ ಒಂದು ಸಂಘವಾಯಿತು, 'ಡ್ರಾಕುಲಾ' ಬರೆದ ಬ್ರಾಮ್ ಸ್ಟೋಕರ್ ಹೆಸರಿನಲ್ಲಿ ಪ್ರಶಸ್ತಿ ಶುರುವಾಯಿತು, 2016ರಿಂದ ಸ್ಟೋಕರ್‌ಕಾನ್ ಅನ್ನುವ ಅವರ ಸಮಾವೇಶ ನಡೆಯುತ್ತಿದೆ. ಆ ಪ್ರಶಸ್ತಿ ಫಲಕ ನನಗೆ ಬಹಳ ಇಷ್ಟ. ಅದು ಒಂದು ಪುಟ್ಟ ಭೂತಬಂಗಲೆ. ಬಾಗಿಲು ತೆರೆದರೆ ಒಳಗೆ ಗೆದ್ದವರ ಹೆಸರು.

ನಾನು ಹೋದದ್ದಕ್ಕೆ ಅಂಥ ವೈಭವ ಏನೂ ಇರಲಿಲ್ಲ. ಒಂದು ಹೋಟೆಲಿನ ಎರಡು ಕೋಣೆ, ಒಂದು ಮೊಗಸಾಲೆ, ಅರವತ್ತು ಚಿಲ್ಲರೆ ಜನ. ಪಕ್ಕದ ಹಾಲ್‌ನಲ್ಲಿ ಯಾರದೋ ಮದುವೆ ಆರತಕ್ಷತೆ. ದಾರಿ ತಪ್ಪಿ ಬಂದ ಒಬ್ಬ ಹುಡುಗ ನಮ್ಮ ಕೋಣೆಯ ಬಾಗಿಲಿನಲ್ಲಿದ್ದ ರಟ್ಟಿನ ಅಸ್ಥಿಪಂಜರ ನೋಡಿ ನಿಂತ, ಅದರ ಕೈ ಕುಲುಕಿದ, ಹೋದ. ಅವನು ಚೂರೂ ಹೆದರಲಿಲ್ಲ.

ಹಾರರ್ ಬರೆಯುವವರು ತುಂಬ ಮೆದು ಜನ, ಒಳಗಿನ ಕತ್ತಲನ್ನೆಲ್ಲ ಕಾಗದಕ್ಕೆ ಸುರಿದುಬಿಡುವುದರಿಂದ ಹೊರಗೆ ಬೆಣ್ಣೆಯ ಹಾಗಿರುತ್ತಾರೆ ಅಂತ ಒಂದು ಮಾತಿದೆ. ಅಲ್ಲಿ ನಾಲ್ಕು ಜನ ನನಗೆ ಅದನ್ನೇ ಹೇಳಿದರು. ನನಗೇನೋ ಅದು ಪೂರ್ತಿ ಒಪ್ಪಿಗೆಯಿಲ್ಲ. ಒಬ್ಬ ಮಹಾಶಯರು ತಮ್ಮ ಏಳು ಭಾಗದ ಕಾದಂಬರಿಯ ಮೊದಲ ಮೂರು ಭಾಗವನ್ನು ಲಿಫ್ಟ್ ಎದುರು ನಿಲ್ಲಿಸಿಕೊಂಡು ಹೇಳಿದರು. ಲಿಫ್ಟ್ ಐದು ಸಲ ಬಂದು ಹೋಯಿತು. ಬೆಣ್ಣೆ ಅಂತ ನನಗೆ ಅನಿಸಲಿಲ್ಲ.

ಆದರೆ ಗೋಷ್ಠಿಗಳಲ್ಲಿ ಸರಕಿತ್ತು. ಮೊದಲನೆಯದನ್ನು ನಡೆಸಿದವರು ನಿವೃತ್ತ ವೈದ್ಯೆ, ಈಗ ಪತ್ತೇದಾರಿ ಕಥೆ ಬರೆಯುತ್ತಾರೆ. "ನಿಮ್ಮ ಕಥೆಗಳಲ್ಲಿ ಹೆಣಗಳು ತಪ್ಪು ಮಾಡುತ್ತವೆ" ಅಂತಲೇ ಶುರು ಮಾಡಿದರು. ದೊಡ್ಡವರ ಮೈಯಲ್ಲಿ ಇರುವುದು ಸುಮಾರು 5 ಲೀಟರ್ ರಕ್ತ. ನನ್ನ ಒಂದು ಕಥೆಯಲ್ಲಿ ಒಬ್ಬನೇ ಮನುಷ್ಯ ಮೂರು ಬಕೆಟ್ ಸುರಿಸಿದ್ದಾನೆ. ಒಣಗಿದ ರಕ್ತ ಕೆಂಪಗಿರುವುದಿಲ್ಲ, ಕಂದು ಬಣ್ಣಕ್ಕೆ ತಿರುಗುತ್ತದೆ. ಸತ್ತ ಮೇಲೆ ಉಗುರು, ಕೂದಲು ಬೆಳೆಯುವುದಿಲ್ಲ. ಚರ್ಮ ಒಣಗಿ ಹಿಂದೆ ಸರಿಯುವುದರಿಂದ ಹಾಗೆ ಕಾಣುತ್ತದೆ ಅಷ್ಟೇ. ದೇಹದ ಬಿಗಿತ ದವಡೆ, ಕುತ್ತಿಗೆಯ ಕಡೆಯಿಂದ ಶುರುವಾಗಿ ಸುಮಾರು 12 ಗಂಟೆಯಲ್ಲಿ ಮೈಗೆಲ್ಲ ಹರಡುತ್ತದೆ. ಆಮೇಲೆ ಒಂದೆರಡು ದಿನದಲ್ಲಿ ತಾನಾಗಿ ಸಡಿಲವಾಗುತ್ತದೆ. ಇದನ್ನು ಕೇಳಿದಾಗ ಕೋಣೆಯಲ್ಲಿ ಕೆಲವರು ಒಟ್ಟಿಗೆ ಬರೆದುಕೊಂಡರು. ಬಿಗಿದ ಕೈ ಮತ್ತೆ ಸಡಿಲವಾಗುತ್ತದೆ ಅನ್ನುವುದರಲ್ಲಿ ಎಷ್ಟು ಕಥೆಗಳಿವೆ ನೋಡಿ. ಇನ್ನು ಮೈ ಜುಮ್ಮೆಂದಾಗ ಕೂದಲು ನಿಲ್ಲುವುದಿದೆಯಲ್ಲ, ಪ್ರತಿ ಕೂದಲಿನ ಬುಡದಲ್ಲಿ ಒಂದು ಸಣ್ಣ ಸ್ನಾಯು ಇದೆ, ಅದು ಎಳೆದುಕೊಳ್ಳುತ್ತದೆ. ಬೆಕ್ಕು ಹೆದರಿದಾಗ ಉಬ್ಬಿ ದೊಡ್ಡದಾಗಿ ಕಾಣುವುದು ಇದರಿಂದಲೇ. ನಮಗೆ ಉಬ್ಬಿಸಿ ತೋರಿಸುವಷ್ಟು ತುಪ್ಪಳ ಉಳಿದಿಲ್ಲ, ಸ್ನಾಯು ಮಾತ್ರ ಉಳಿದಿದೆ.

ಎರಡನೇ ಗೋಷ್ಠಿ ಮಾತಿನ ಬಗ್ಗೆ. ಆನ್ ರಾಡ್‌ಕ್ಲಿಫ್ ಅಂತ ಒಬ್ಬ ಇಂಗ್ಲಿಷ್ ಕಾದಂಬರಿಗಾರ್ತಿ ಇದ್ದರು. 1823ರಲ್ಲಿ ತೀರಿಕೊಂಡರು. ಮೂರು ವರ್ಷದ ನಂತರ ಅವರ ಒಂದು ಬರಹ ಅಚ್ಚಾಯಿತು. ಅದರಲ್ಲಿ ಟೆರರ್ ಬೇರೆ, ಹಾರರ್ ಬೇರೆ ಅಂತ ವಾದ ಮಾಡಿದ್ದಾರೆ. ಮೊದಲನೆಯದು ಮನಸ್ಸನ್ನು ಹಿಗ್ಗಿಸಿ ಎಚ್ಚರಿಸುತ್ತದಂತೆ, ಎರಡನೆಯದು ಕುಗ್ಗಿಸಿ ಮರಗಟ್ಟಿಸುತ್ತದಂತೆ. ಇದನ್ನು ಕೇಳುತ್ತ ನಾನು ನೋಟ್‌ಬುಕ್ಕಿನ ಅಂಚಿನಲ್ಲಿ ನಮ್ಮ ಮಾತುಗಳನ್ನು ಬರೆಯತೊಡಗಿದೆ. ಭಯ, ಹೆದರಿಕೆ, ಅಂಜಿಕೆ, ದಿಗಿಲು, ಗಾಬರಿ, ಅಳುಕು. ಬೆಚ್ಚುವುದು, ಬೆದರುವುದು, ನಡುಗುವುದು. ಗಾಬರಿಗೆ ಕಾರಣ ಬೇಕು, ಏನೋ ಆಗಿರಬೇಕು. ಬೆಚ್ಚುವುದಕ್ಕೆ ಒಂದು ಸದ್ದು ಸಾಕು, ಆದರೆ ಅದು ಒಂದು ಕ್ಷಣದ್ದು. ದಿಗಿಲು ಮುಂದೆ ಆಗುವುದರ ಬಗ್ಗೆ. ಅಳುಕಿಗೆ ಮಾತ್ರ ಏನೂ ಬೇಡ. ಮನೆ ಖಾಲಿ ಇದೆ, ಬಾಗಿಲು ಹಾಕಿದೆ, ಎಲ್ಲ ಸರಿಯಾಗೇ ಇದೆ, ಆದರೂ ಒಳಗೆ ಏನೋ ಅಳುಕು. ನನ್ನ ಕಥೆಗಳೆಲ್ಲ ಬೆಚ್ಚಿಸುವುದರಲ್ಲೇ ಮುಗಿಯುತ್ತವಲ್ಲ ಅನಿಸಿ ಸ್ವಲ್ಪ ಬೇಜಾರಾಯಿತು.

ಮಧ್ಯಾಹ್ನ ಮೊಗಸಾಲೆಯಲ್ಲಿ ಕೂತಿದ್ದಾಗ ನೋಂದಣಿ ಮೇಜಿನ ಹುಡುಗಿ ಓಡಿ ಬಂದಳು. ಸಂಜೆ ಓದಬೇಕಿದ್ದ ಒಬ್ಬರು ಬಂದಿಲ್ಲ, ಎಂಟು ನಿಮಿಷ ಖಾಲಿ ಇದೆ, ಯಾರಾದರೂ ಓದುತ್ತೀರಾ ಅಂತ ಎಲ್ಲರನ್ನೂ ಕೇಳುತ್ತಿದ್ದಳು. ನನ್ನ ಹಳದಿ ರಿಬ್ಬನ್ ನೋಡಿ ಮುಂದಿನ ಮೇಜಿಗೆ ಹೋಗುವವಳಿದ್ದಳು. "ನನ್ನ ಹತ್ತಿರ ಒಂದಿದೆ" ಅಂತ ಬಾಯಿಂದ ಬಂದುಬಿಟ್ಟಿತು. ಆಕೆ ಏನೂ ಕೇಳದೆ ಜೇಬಿನಿಂದ ಕಪ್ಪು ರಿಬ್ಬನ್ ತೆಗೆದು ಹಳದಿಯ ಮೇಲೇ ಅಂಟಿಸಿದಳು. ಎಷ್ಟು ಸಲೀಸಾಗಿ ಆಗಿಹೋಯಿತು ಅಂದರೆ ನನಗೆ ಸ್ವಲ್ಪ ಅವಮಾನವೇ ಆಯಿತು.

ಕಾಯುವಾಗ ನೆನಪಾಗಿದ್ದು 1816ರ ಜೂನ್. ಹಿಂದಿನ ವರ್ಷ ಇಂಡೊನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿದಿತ್ತು. ಅದರ ಪರಿಣಾಮಕ್ಕೆ ಯೂರೋಪಿಗೆ ಆ ಬೇಸಿಗೆ ಬರಲೇ ಇಲ್ಲ. ಜಿನೀವಾ ಸರೋವರದ ದಡದ ಒಂದು ಬಂಗಲೆಯಲ್ಲಿ ಐದು ಜನ ಮಳೆಗೆ ಸಿಕ್ಕಿಕೊಂಡು ದೆವ್ವದ ಕಥೆ ಓದುತ್ತ ಕೂತರು. ಎಲ್ಲರೂ ಒಂದೊಂದು ಕಥೆ ಬರೆಯೋಣ ಅಂದವನು ಇಂಗ್ಲಿಷ್ ಕವಿ ಬೈರನ್. ಅವನಿಗೆ 28, ಆಗಲೇ ದೊಡ್ಡ ಹೆಸರು. ಮುಂದೆ ಮೇರಿ ಶೆಲ್ಲಿ ಆದ ಮೇರಿಗೆ 18. ದಿನಾ ಬೆಳಿಗ್ಗೆ "ಕಥೆ ಹೊಳೆಯಿತಾ?" ಅಂತ ಕೇಳುತ್ತಿದ್ದರಂತೆ, ದಿನಾ ಇಲ್ಲ ಅನ್ನಬೇಕಾಗುತ್ತಿತ್ತಂತೆ. ಆ ನಾಚಿಕೆಯನ್ನು ಆಕೆ 1831ರಲ್ಲೂ ಮರೆಯದೆ ಬರೆದಿದ್ದಾಳೆ. ಕೊನೆಗೆ ಕವಿಗಳಿಬ್ಬರೂ, ಬೈರನ್ ಮತ್ತು ಮೇರಿಯ ಸಂಗಾತಿ ಶೆಲ್ಲಿ, ತಮ್ಮ ಕಥೆಯನ್ನು ಅರ್ಧಕ್ಕೇ ಬಿಟ್ಟರು. ಬರೆದು ಮುಗಿಸಿದವರು ಮೇರಿ ಮತ್ತು 20 ವರ್ಷದ ಡಾಕ್ಟರ್ ಪೊಲಿಡೋರಿ. ಒಬ್ಬಳು ಹೆಣದ ತುಂಡುಗಳಿಂದ ಜೀವ ಕಟ್ಟಿದವನ ಕಥೆ 'ಫ್ರಾಂಕೆನ್‌ಸ್ಟೈನ್' ಕೊಟ್ಟಳು, ಇನ್ನೊಬ್ಬ ರಕ್ತ ಹೀರುವ ಶ್ರೀಮಂತನ ಕಥೆ ಕೊಟ್ಟ. ಪಾಪ, ಆ ಡಾಕ್ಟರ್ ಕಥೆ 1819ರಲ್ಲಿ ಮೊದಲು ಅಚ್ಚಾಗಿದ್ದು ಬೈರನ್ ಹೆಸರಿನಲ್ಲಿ. ಅಚ್ಚಾದದ್ದು ನಾಲ್ಕೇ ಅಂತ ಕೊರಗುವ ನನಗೆ ಇದು ಯಾವಾಗಲೂ ಸಮಾಧಾನ ಕೊಡುತ್ತದೆ.

ಓದುವ ಕೋಣೆಯಲ್ಲಿ ದೀಪ ಆರಿಸಿ ಮೇಜಿನ ಮೇಲೆ ಒಂದೇ ಲ್ಯಾಂಪ್ ಇಟ್ಟಿದ್ದರು. ಇದು ಹಳೆಯ ಉಪಾಯ. ಕೇಂಬ್ರಿಜ್‌ನಲ್ಲಿ ದೆವ್ವದ ಕಥೆಗಾರ ಎಂ.ಆರ್. ಜೇಮ್ಸ್ ಕ್ರಿಸ್‌ಮಸ್ ಸಮಯದಲ್ಲಿ ಗೆಳೆಯರಿಗೆ ತಮ್ಮ ಕಥೆ ಓದುವಾಗ ಒಂದು ಮೇಣದಬತ್ತಿ ಬಿಟ್ಟು ಉಳಿದದ್ದನ್ನೆಲ್ಲ ಆರಿಸುತ್ತಿದ್ದರಂತೆ. ಕೇಳುವವರಿಗೆ ಅದು ಚೆನ್ನ. ಓದುವವರ ಕಷ್ಟ ಯಾರೂ ಬರೆದಿಲ್ಲ. ಲ್ಯಾಂಪಿನ ಬೆಳಕು ಕಣ್ಣಿಗೆ ಹೊಡೆಯುತ್ತಿತ್ತು, ಕಾಗದದ ಮೇಲೆ ನನ್ನದೇ ತಲೆಯ ನೆರಳು. ಎದುರಿಗೆ ಹತ್ತೊಂಬತ್ತು ಜನ, ಎಣಿಸಿದ್ದೇನೆ. ಗಂಟಲು ಒಣಗಿತ್ತು.

ಕಥೆ ಹೀಗಿದೆ. ಹೆಂಡತಿ ತೀರಿಕೊಂಡ ಒಬ್ಬ ಮನುಷ್ಯ. ಎಂಟನೇ ದಿನ ರಾತ್ರಿ ಬಾತ್‌ರೂಮಿನ ಕನ್ನಡಿಯಿಂದ ಒಂದು ಆಕೃತಿ ಹೊರಗೆ ಬರುತ್ತದೆ. ಆ ಆಕೃತಿಗೆ ನಾನು ಒಂದೂವರೆ ಪುಟ ಕೊಟ್ಟಿದ್ದೆ. ಕೆಂಡದಂಥ ಕಣ್ಣು, ಹರಡಿದ ಕೂದಲು, ಸೀಳಿದ ತುಟಿ, ಏನುಂಟು ಏನಿಲ್ಲ. ಕಥೆಯ ಪ್ರಾಣವೇ ಅದು ಅಂತ ನನ್ನ ನಂಬಿಕೆ. ಅಲ್ಲಿಗೆ ಬಂದಾಗ ದನಿ ಇಳಿಸಿ, ಒಂದು ಕ್ಷಣ ನಿಲ್ಲಿಸಿ, "ಕತ್ತಲೆಯೊಳಗಿಂದ ಎದ್ದು ಬಂತು" ಅಂತ ಓದಬೇಕಿತ್ತು. ನಾಲಿಗೆ ಹೊರಳಿತು. "ಕತ್ತೆಯೊಳಗಿಂದ ಎದ್ದು ಬಂತು" ಅಂದೆ.

ನಕ್ಕರು. ಕೆಟ್ಟ ನಗು ಅಲ್ಲ, ತಡೆದುಕೊಳ್ಳೋಕೆ ನೋಡಿ ಆಗದೆ ಬಂದ ನಗು. ನಾನೂ ನಕ್ಕೆ. ಆದರೆ ಅದರ ಮುಂದೆ ಇನ್ನೂ ಒಂದೂವರೆ ಪುಟ ಕೆಂಡದ ಕಣ್ಣು ಬಾಕಿ ಇತ್ತು. ಕತ್ತೆಯೊಳಗಿಂದ ಬಂದದ್ದಕ್ಕೆ ಕೆಂಡದ ಕಣ್ಣಿದ್ದರೆಷ್ಟು, ಬಿಟ್ಟರೆಷ್ಟು? ನಾಲ್ಕು ಸಾಲು ಓದಿದೆ. ಯಾರೋ ಕೆಮ್ಮಿದರು. ಹಾಳೆ ತಿರುಗಿಸಿ ಆ ಭಾಗವನ್ನು ಪೂರ್ತಿ ಹಾರಿಸಿ, ಮುಂದಿನ ಬೆಳಗಿಗೆ ಹೋದೆ. ಮುಂದಿನ ಬೆಳಗಿನಲ್ಲಿ ಏನೂ ಇಲ್ಲ. ಅವನು ಎದ್ದು ಮುಖ ತೊಳೆಯುತ್ತಾನೆ ಅಷ್ಟೇ. ಕಥೆಯನ್ನು ಮುಂದಕ್ಕೆ ತಳ್ಳೋಕೆ ಅಂತ ಸುಮ್ನೆ ಬರೆದ ಸಾಲುಗಳು. "ಲೋಟದಲ್ಲಿ ಎರಡು ಬ್ರಷ್ ಇದ್ದವು. ಅವಳು ಹೋಗಿ ಎಂಟು ದಿನವಾಗಿತ್ತು. ಅವಳ ಬ್ರಷ್ ಒದ್ದೆಯಿತ್ತು."

ಎರಡನೇ ಸಾಲಿನಲ್ಲಿ ಒಬ್ಬ ಹಿರಿಯರು ಕೂತಿದ್ದರು. ನಾನು ಶುರು ಮಾಡಿದಾಗಿನಿಂದ ಬೆರಳ ನಡುವೆ ಒಂದು ಪೆನ್ನು ತಿರುಗಿಸುತ್ತಲೇ ಇದ್ದರು. ನನಗೆ ಅದರಿಂದ ಕಿರಿಕಿರಿಯೂ ಆಗಿತ್ತು. ಆ ಸಾಲಿಗೆ ಪೆನ್ನು ನಿಂತಿತು. ಬೇರೆ ಏನೂ ಆಗಲಿಲ್ಲ. ಯಾರೂ ಕಿರುಚಲಿಲ್ಲ, ಮುಖ ಮುಚ್ಚಿಕೊಳ್ಳಲಿಲ್ಲ. ಆದರೆ ಕೋಣೆ ಬೇರೆಯಾಗಿತ್ತು. ಕುರ್ಚಿಗಳ ಕಿರ್ರ್ ಸದ್ದು ಇಲ್ಲ. ಪಕ್ಕದ ಹಾಲ್‌ನ ಸಂಗೀತ ಆವರೆಗೆ ನನಗೆ ಕೇಳಿಸಿಯೇ ಇರಲಿಲ್ಲ, ಆಗ ಕೇಳಿಸಿತು. 11 ವರ್ಷದಿಂದ ನಾನು ನೋಡಬೇಕು ಅಂದುಕೊಂಡಿದ್ದು ಇದನ್ನೇ, ಆದರೆ ಇದು ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ. ಓದಿ ಮುಗಿಸಿದೆ. ಚಪ್ಪಾಳೆ ತಟ್ಟಿದರು. ಖುಷಿಯಲ್ಲಿ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಅವರು ಕಾರಿಡಾರಿನಲ್ಲಿ ಕಾಯುತ್ತಿದ್ದರು. ಬ್ಯಾಡ್ಜ್ ತಿರುಗಿಕೊಂಡಿತ್ತು. ಪೆನ್ನು ಜೇಬಿನಲ್ಲಿತ್ತು.

"ಆ ಬ್ರಷ್ಷು. ಅದು ಹೆದರಿಕೆಯ ಜಾಗ ಅಲ್ವಾ?" ಅಂದರು.

"ಹೌದು ಸರ್." ನಾನು ನಗುತ್ತಿದ್ದೆ.

"ನಾನು ದಿನಾ ಮುಟ್ಟಿ ನೋಡ್ತೀನಿ. ಮೂರು ವರ್ಷ ಆಯ್ತು. ಒಣಗೇ ಇರುತ್ತೆ."

ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ. ಕ್ಷಮಿಸಿ ಅನ್ನಬೇಕಾ? ಅವರು ಕೋಪದಲ್ಲಿ ಇರಲಿಲ್ಲ. ನನ್ನ ಭುಜ ಮುಟ್ಟಿ, "ಕತ್ತೆ ಚೆನ್ನಾಗಿತ್ತು, ಇಟ್ಕೊಳ್ಳಿ" ಅಂದು ಲಿಫ್ಟ್ ಕಡೆ ಹೋದರು.

ರಾತ್ರಿ ಮೊಗಸಾಲೆಯಲ್ಲಿ ಜನ ತಡವಾಗಿ ಕೂತಿದ್ದರು. ಇಂಥ ಸಮಾವೇಶಗಳ ನಿಜವಾದ ಗೋಷ್ಠಿ ಅದೇ ಅನ್ನುತ್ತಾರೆ, ಇರಬಹುದು. ಒಬ್ಬರು ವಿಕ್ ಟ್ಯಾಂಡಿ ಅನ್ನುವ ಬ್ರಿಟಿಷ್ ಎಂಜಿನಿಯರ್ ವಿಷಯ ಹೇಳುತ್ತಿದ್ದರು. ಪ್ರಯೋಗಾಲಯದಲ್ಲಿ ಒಂದು ರಾತ್ರಿ ಅವರಿಗೆ ಕಣ್ಣಂಚಿನಲ್ಲಿ ಬೂದು ಬಣ್ಣದ ಆಕೃತಿ ಕಾಣಿಸಿತು, ತಿರುಗಿದರೆ ಮಾಯ. ಮರುದಿನ ಮೇಜಿನ ಬಿಗಿ ಇಕ್ಕಳದಲ್ಲಿ ಸಿಕ್ಕಿಸಿದ್ದ ಕತ್ತಿವರಸೆಯ ಕತ್ತಿಯೊಂದು ತಾನಾಗಿ ನಡುಗುವುದನ್ನು ನೋಡಿ ಲೆಕ್ಕ ಹಾಕಿದರು. ಹೊಸದಾಗಿ ಹಾಕಿದ್ದ ಫ್ಯಾನಿನಿಂದ, ಕಿವಿಗೆ ಕೇಳಿಸದ ಸುಮಾರು 19 ಹರ್ಟ್ಸ್‌ನ ಸದ್ದು ಹೊರಡುತ್ತಿತ್ತು. ಅದನ್ನು 1998ರಲ್ಲಿ ಬರೆದು ಪ್ರಕಟಿಸಿದರು. ದೆವ್ವ ಅಂದರೆ ಫ್ಯಾನ್. ಕೇಳುತ್ತಿದ್ದವರ ಮುಖವೆಲ್ಲ ಬಾಡಿತು. ಇನ್ನೊಂದು ಸಂಜೆಯಾಗಿದ್ದರೆ ನಾನೂ ಜಗಳಕ್ಕೆ ಇಳಿಯುತ್ತಿದ್ದೆ. ಅವತ್ತು ಎದ್ದು ರೂಮಿಗೆ ಹೋದೆ.

ಮಲಗಿದಾಗ ಜಿನೀವಾದ ಆ ಬಂಗಲೆಯೇ ಮತ್ತೆ ತಲೆಗೆ ಬಂತು. ಜೂನ್ 18ರ ರಾತ್ರಿ ಬೈರನ್ ಒಂದು ಪದ್ಯ ಹೇಳುತ್ತಿದ್ದ, ಇನ್ನೊಬ್ಬ ಇಂಗ್ಲಿಷ್ ಕವಿ ಕೋಲ್‌ರಿಜ್‌ದು. ಕೇಳುತ್ತಿದ್ದ ಶೆಲ್ಲಿ ಇದ್ದಕ್ಕಿದ್ದಂತೆ ಕಿರುಚಿ, ತಲೆ ಹಿಡಿದುಕೊಂಡು, ಮೇಣದಬತ್ತಿ ತೆಗೆದುಕೊಂಡು ಹೊರಗೆ ಓಡಿದ. ಪೊಲಿಡೋರಿ ಹಿಂದೆ ಹೋಗಿ ಮುಖಕ್ಕೆ ನೀರೆರಚಿ, ಈಥರ್ ಕೊಟ್ಟು ಸುಧಾರಿಸಿದ. ಇದೆಲ್ಲ ಅವನ ಡೈರಿಯಲ್ಲಿದೆ. ಏನಾಯಿತು ಅಂದರೆ, ಎದುರಿಗಿದ್ದ ಮೇರಿಯನ್ನು ನೋಡುತ್ತಿದ್ದಾಗ ಶೆಲ್ಲಿಗೆ ಎಂದೋ ಕೇಳಿದ್ದು ನೆನಪಾಯಿತಂತೆ, ಎದೆಯಲ್ಲಿ ಕಣ್ಣುಗಳಿರುವ ಒಬ್ಬ ಹೆಂಗಸಿನ ವಿಷಯ. ಪದ್ಯದಲ್ಲಿ ಅಂಥದ್ದೇನೂ ಇಲ್ಲ. ಅಲ್ಲಿ ಕೋಲ್‌ರಿಜ್ ಏನು ಕಂಡಿತು ಅಂತ ಹೇಳದೆ ಬಿಟ್ಟಿದ್ದಾನೆ. ಕಣ್ಣುಗಳು ಶೆಲ್ಲಿಯವು. ನಾನು ಇದನ್ನು ಎಷ್ಟೋ ಸಲ ತಮಾಷೆಯಾಗಿ ಹೇಳಿದ್ದೇನೆ. ಅವತ್ತು ಮಾತ್ರ ನೀರೆರಚಿದ ಡಾಕ್ಟರ್ ಬಗ್ಗೆ ಯೋಚಿಸುತ್ತ ಮಲಗಿದ್ದೆ. ಕನಿಷ್ಠ ಒಬ್ಬನಾದರೂ ಹಿಂದೆ ಹೋಗಿದ್ದನಲ್ಲ.

ಎರಡು ಗಂಟೆಗೆ ಎದ್ದು ಬಾತ್‌ರೂಮಿಗೆ ಹೋಗಿ ನನ್ನ ಬ್ರಷ್ ಮುಟ್ಟಿದೆ. ಒದ್ದೆಯಿತ್ತು. ಸ್ವಲ್ಪ ಹೊತ್ತಿನ ಹಿಂದೆ ನಾನೇ ಹಲ್ಲುಜ್ಜಿದ್ದೆ. ಆದರೂ ಲೈಟ್ ಹಾಕಿಟ್ಟುಕೊಂಡೇ ಮಲಗಿದೆ.

ಮರುದಿನ ಅವರನ್ನು ಹುಡುಕಿದೆ. ಎರಡು ಕೋಣೆ, ಅರವತ್ತು ಜನ, ಹುಡುಕುವುದು ಕಷ್ಟವೇನಲ್ಲ. ಇರಲಿಲ್ಲ. ಹೆಸರು ಗೊತ್ತಿಲ್ಲದೆ ಯಾರನ್ನು ಕೇಳುವುದು? "ಪೆನ್ನು ತಿರುಗಿಸುತ್ತಿದ್ದವರು" ಅಂದೆ. ನೋಂದಣಿ ಮೇಜಿನ ಹುಡುಗಿ ನಕ್ಕಳು, "ಇಲ್ಲಿ ಎಲ್ಲರೂ ಅದನ್ನೇ ಮಾಡ್ತಾರೆ" ಅಂದಳು. ಸಂಜೆ ಹೊರಡುವಾಗ ಅವಳೇ ಬ್ಯಾಡ್ಜಿನ ದಾರಗಳನ್ನು ಒಂದು ಪೆಟ್ಟಿಗೆಗೆ ವಾಪಸ್ ಹಾಕಿಸಿಕೊಳ್ಳುತ್ತಿದ್ದಳು, ಮುಂದಿನ ವರ್ಷಕ್ಕೆ ಆಗುತ್ತದೆ ಅಂತ. ನನ್ನ ಬ್ಯಾಡ್ಜಿನಿಂದ ಕಪ್ಪು ರಿಬ್ಬನ್ ಕೀಳಲು ಹೋದರೆ ಕೆಳಗಿನ ಹಳದಿಯೂ ಜೊತೆಗೆ ಕಿತ್ತು ಬಂತು.

ಈಗ ಕಥೆ ತಿದ್ದುತ್ತಿದ್ದೇನೆ. ಕನ್ನಡಿ ಪೂರ್ತಿ ಹೋಯಿತು, ಕೆಂಡದ ಕಣ್ಣೂ ಹೋಯಿತು. ಬ್ರಷ್ ಉಳಿದಿದೆ. ಮೊದಲಿನ ಹಾಗೆ ಒದ್ದೆಯಾಗಿಯೇ ಇಟ್ಟು ಒಂದು ಪ್ರತಿ ಬರೆದೆ. ಆಮೇಲೆ ಅವನು ದಿನಾ ಮುಟ್ಟಿ ನೋಡುವ ಹಾಗೆ, ದಿನಾ ಒಣಗಿರುವ ಹಾಗೆ ಇನ್ನೊಂದು ಬರೆದೆ. ಎರಡನೆಯದು ಮೇಲು, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ನನ್ನದಲ್ಲ. ಅವರನ್ನು ಒಂದು ಮಾತು ಕೇಳಬೇಕಿತ್ತು. ಇಲ್ಲಿ ಬರೆದಾಯಿತಲ್ಲ, ಇನ್ನೇನು ಕೇಳೋದು ಅಂತ ನೀವು ಅನ್ನಬಹುದು. ಹೌದು, ಅದೂ ನಿಜವೇ. ಎರಡು ಪ್ರತಿಯನ್ನೂ ಹಾಗೇ ಇಟ್ಟಿದ್ದೇನೆ, ಯಾವುದನ್ನೂ ಇನ್ನೂ ಎಲ್ಲಿಗೂ ಕಳಿಸಿಲ್ಲ.